ಬೆಳ್ಳಿಯ ಕಪ್ಪು ತೆಗೆದದ್ದು, ಒಂದಕ್ಕೆ ಮತ್ತೆ ಕಪ್ಪು ಕೊಟ್ಟದ್ದು

ಭೀಮನ ಅಮಾವಾಸ್ಯೆಯ ಮರುದಿನ ಅತ್ತೆ ಅಟ್ಟದ ಮೇಲಿನ ಮರದ ಪೆಟ್ಟಿಗೆ ಕೆಳಗಿಳಿಸಲು ಹೇಳಿದರು. "ಈ ವರ್ಷದಿಂದ ಇದೆಲ್ಲ ನಿಂದು. ಹಬ್ಬಕ್ಕೆ ಇದನ್ನೇ ಇಡು, ಸ್ಟೀಲ್ ಇಟ್ಟದ್ದು ಸಾಕು ಮಾರಾಯ್ತಿ" ಅಂದರು. 2025ರ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8ಕ್ಕೆ. ಕೈಯಲ್ಲಿದ್ದದ್ದು ಎರಡು ವಾರ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ. ಜುಲೈ ಅಂದರೆ ಇಲ್ಲಿ ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಟ್ಟ ಇರುವುದು ಸೌದೆ ಒಲೆಯ ನೆತ್ತಿಯ ಮೇಲೆ. ಪೆಟ್ಟಿಗೆ ಅಲ್ಲಿ ಹನ್ನೊಂದು ಮಳೆಗಾಲ ಕಳೆದಿತ್ತು. ಬೆಳ್ಳಿ ಕಪ್ಪಾಗಲು ಬೇಕಾದದ್ದು ಗಾಳಿಯಲ್ಲಿರುವ ಚೂರು ಗಂಧಕ ಮತ್ತು ತೇವ. ಎರಡೂ ಅಲ್ಲಿ ಧಾರಾಳ ಇತ್ತು.

ಕೆಲಸ ಮುಗಿಯಿತು. ಆದರೆ ನಡುವೆ ಮೂರು ಸಾಮಾನಿಗೆ ನನ್ನ ಕೈಯಿಂದಲೇ ಪೆಟ್ಟಾಯಿತು. ಅದಕ್ಕೇ ದಿನದ ಲೆಕ್ಕದಲ್ಲಿ ಬರೆದಿಡುತ್ತಿದ್ದೇನೆ.

ಜುಲೈ 26, ಶನಿವಾರ: ಎಣಿಕೆ ಮತ್ತು ತೂಕ

ಅಡುಗೆಮನೆಯ ತೂಕದ ಯಂತ್ರದಲ್ಲಿ ಒಂದೊಂದನ್ನೇ ಇಟ್ಟು ಬರೆದುಕೊಂಡೆ. ಚೊಂಬು 318 ಗ್ರಾಂ. ನಾಲ್ಕು ಲೋಟ ಸೇರಿ 402. ಹರಿವಾಣ 540. ಪಂಚಪಾತ್ರೆ, ಉದ್ಧರಣೆ ಸೇರಿ 155. ಕುಂಕುಮದ ಭರಣಿ ಜೋಡಿ 96. ದೀಪದ ಜೋಡಿ 610. ಮಗುವಿಗೆ ಹಾಲು ಕುಡಿಸುವ ಒಳಲೆ 28. ಎಲೆ ಅಡಿಕೆ ಇಡುವ ಕವಳದ ತಟ್ಟೆ 265. ಪನ್ನೀರುದಾನಿ 240. ಒಟ್ಟು 15 ಸಾಮಾನು.

ಬಣ್ಣವನ್ನೂ ಬರೆದುಕೊಂಡೆ, ಆಮೇಲೆ ಅದು ತುಂಬಾ ಉಪಯೋಗಕ್ಕೆ ಬಂತು. ಬೆಳ್ಳಿ ಒಮ್ಮೆಲೇ ಕಪ್ಪಾಗುವುದಿಲ್ಲ. ಮೊದಲು ತಿಳಿ ಹಳದಿ, ಆಮೇಲೆ ಕಂದು, ನೇರಳೆ-ನೀಲಿ, ಕೊನೆಗೆ ಕಪ್ಪು. ಕುಂಕುಮದ ಭರಣಿ ಇನ್ನೂ ಹಳದಿಯಲ್ಲಿತ್ತು. ಚೊಂಬು, ಲೋಟ ಪೂರ್ತಿ ಕಪ್ಪು.

ಒಂದು ಲೋಟದ ಸುತ್ತ ನಡುವಿನಲ್ಲಿ ಇದ್ದಿಲಿನಲ್ಲಿ ಎಳೆದಂಥ ಒಂದು ಗೆರೆ ಇತ್ತು. ಉಳಿದ ಲೋಟಕ್ಕಿಂತ ಗಾಢ ಕಪ್ಪು, ಎರಡು ಮಿಲಿಮೀಟರ್ ಅಗಲ, ಒಂದು ಕಡೆ ಸಣ್ಣ ತಿರುಚು. ಇದ್ಯಾವ ಕುಸುರಿ ಅಂತ ನೋಡುತ್ತಾ ಕೂತೆ. ಆಮೇಲೆ ಪೆಟ್ಟಿಗೆಯ ತಳದಲ್ಲಿ ಪುಡಿಪುಡಿಯಾದ ರಬ್ಬರ್ ಬ್ಯಾಂಡ್ ಸಿಕ್ಕಿತು. ಲೋಟಕ್ಕೆ ಪೇಪರ್ ಸುತ್ತಿ ಬ್ಯಾಂಡ್ ಹಾಕಿದ್ದರು. ಪೇಪರ್ ಹರಿದ ಜಾಗದಲ್ಲಿ ಬ್ಯಾಂಡ್ ಬೆಳ್ಳಿಗೇ ಅಂಟಿ ಕೂತಿತ್ತು. ರಬ್ಬರ್ ಗಟ್ಟಿಯಾಗಲು ಗಂಧಕ ಸೇರಿಸುತ್ತಾರೆ. ಆ ಗಂಧಕ ಹನ್ನೊಂದು ವರ್ಷ ಅಲ್ಲೇ ಕೂತು ಕೆಲಸ ಮಾಡಿದೆ. ಬ್ಯಾಂಡ್ ತಿರುಚಿದಲ್ಲಿ ಗೆರೆಯೂ ತಿರುಚಿದೆ.

ಜುಲೈ 27, ಭಾನುವಾರ: ಹುಣಸೆ, ಆಮೇಲೆ ಬೂದಿ

ಮನೆಯವರು ಮಳೆ ಹೊಳವಾದ ಕೂಡಲೇ ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಬೋರ್ಡೋ ಹೊಡೆಸಲು ಹೋಗಿದ್ದರು. ನಾನು, ಅತ್ತೆ ಜಗಲಿಯಲ್ಲಿ ಕೂತೆವು.

ಮೊದಲು ಅಂಟುವಾಳ. ಎಂಟು ಕಾಯಿಯ ಬೀಜ ತೆಗೆದು ಒಂದು ಲೀಟರ್ ನೀರಿನಲ್ಲಿ ಕುದಿಸಿ, ಆ ನೊರೆಯಲ್ಲಿ ಎಲ್ಲವನ್ನೂ ತೊಳೆದೆ. ಎಣ್ಣೆ ಜಿಡ್ಡು, ಹಳೆ ಕುಂಕುಮ, ಒಲೆಯ ಮಸಿ ಹೋಯಿತು. ಕಪ್ಪು ಹೋಗಲಿಲ್ಲ. ಅದು ಹೋಗುವುದೂ ಇಲ್ಲ. ಆದರೆ ಈ ತೊಳೆತ ಬಿಡಬಾರದು, ಜಿಡ್ಡು ಇದ್ದರೆ ಮುಂದಿನದು ಯಾವುದೂ ಸರಿಯಾಗಿ ಹಿಡಿಯುವುದಿಲ್ಲ.

ಆಮೇಲೆ ಹುಣಸೆಹಣ್ಣು. ಹಿತ್ತಾಳೆ, ತಾಮ್ರಕ್ಕೆ ನಾವು ದಿನಾ ಮಾಡುವುದು ಅದೇ ಅಲ್ವಾ. ಎರಡು ನಿಂಬೆಗಾತ್ರದ ಹುಣಸೆ ನೆನೆಸಿ ಒಂದು ಲೋಟಕ್ಕೆ ಹಚ್ಚಿ ಕಾಲು ಗಂಟೆ ಬಿಟ್ಟೆ. ಬುಡದ ಬೆಸುಗೆ ಹತ್ತಿರ ಇದ್ದ ಹಸಿರು ಕಿಲುಬು ಹೋಯಿತು, ಅದು ಬೆಳ್ಳಿಗೆ ಬೆರೆಸಿದ ತಾಮ್ರದ್ದು. ಲೋಟ ಮಾತ್ರ ಇದ್ದ ಹಾಗೇ ಕಪ್ಪು. ತಾಮ್ರದ ಕಿಲುಬಿಗೆ ಹುಳಿ ನಾಟುತ್ತದೆ, ಬೆಳ್ಳಿಯ ಕಪ್ಪಿಗೆ ನಾಟುವುದಿಲ್ಲ. ಸುಮ್ನೆ ತಿಕ್ಕುತ್ತಾ ಕೂತರೆ ಕೈ ನೋವು ಅಷ್ಟೇ.

ಮೊದಲ ತಪ್ಪು ಇಲ್ಲಿ. "ನಾವೆಲ್ಲ ಬೂದಿಯಲ್ಲೇ ತಿಕ್ಕಿದ್ದು" ಅಂದರು ಅತ್ತೆ. ಬಚ್ಚಲೊಲೆಯಿಂದ ಒಂದು ಹಿಡಿ ಬೂದಿ ತಂದೆ. ಮಳೆಗಾಲದಲ್ಲಿ ಒಲೆ ಹತ್ತಲಿ ಅಂತ ಭತ್ತದ ಹೊಟ್ಟು ಹಾಕಿರುತ್ತೇವೆ, ಅದು ನೆನಪಿಗೇ ಬರಲಿಲ್ಲ. ಹೊಟ್ಟಿನ ಬೂದಿಯಲ್ಲಿ ಮರಳಿನ ಜಾತಿಯದೇ ಅಂಶ ಜಾಸ್ತಿ. ಐದು ನಿಮಿಷ ತಿಕ್ಕಿದೆ, ಕಪ್ಪು ಬಿಟ್ಟಿತು, ಖುಷಿಯಾಯಿತು. ತೊಳೆದು ಕಿಟಕಿಯ ಬೆಳಕಿಗೆ ಹಿಡಿದರೆ ಲೋಟದ ಮೈತುಂಬಾ ಕೂದಲೆಳೆಯಂಥ ಗೀರು. ಅತ್ತೆಯೂ ನೋಡಿದರು, ಏನೂ ಅನ್ನಲಿಲ್ಲ. ಆ ಗೀರು ಈಗಲೂ ಇದೆ. ಅವರು ಹಿಂದೆ ತಿಕ್ಕುತ್ತಿದ್ದದ್ದು ಬಟ್ಟೆಯಲ್ಲಿ ಜರಡಿ ಹಿಡಿದ ನಯವಾದ ಬೂದಿ ಅಂತ ರಾತ್ರಿ ಊಟದ ಹೊತ್ತಿಗೆ ನೆನಪು ಮಾಡಿಕೊಂಡು ಹೇಳಿದರು.

ಜುಲೈ 29, ಮಂಗಳವಾರ: ಫಾಯಿಲ್ ಮತ್ತು ಅಡುಗೆ ಸೋಡಾ

ತೀರ್ಥಹಳ್ಳಿ ಪೇಟೆಯಿಂದ ತಂದದ್ದು: ಅಲ್ಯೂಮಿನಿಯಂ ಫಾಯಿಲ್ ಒಂದು ಸುರುಳಿ 95 ರೂ., ಅಡುಗೆ ಸೋಡಾ 100 ಗ್ರಾಂ ಪೊಟ್ಟಣ ಐದು 150 ರೂ., ವಿಭೂತಿ ಗಟ್ಟಿ ಮೂರು 45 ರೂ., ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಷ್ 40 ರೂ.

ಅಳತೆ: ಒಂದು ಲೀಟರ್ ಕುದಿಯುವ ನೀರಿಗೆ ಎರಡು ದೊಡ್ಡ ಚಮಚ ಸೋಡಾ, ಸುಮಾರು 30 ಗ್ರಾಂ. ಸ್ಟೀಲ್ ಬೋಗುಣಿಯ ಒಳಗೆ ಫಾಯಿಲ್ ಹಾಸಿ, ಸಾಮಾನು ಫಾಯಿಲ್‌ಗೆ ತಾಗುವ ಹಾಗೆ ಇಟ್ಟು, ನೀರು ಹೊಯ್ಯುವುದು. ಸಾಮಾನು ಪೂರ್ತಿ ಮುಳುಗಬೇಕು, ಫಾಯಿಲ್‌ಗೆ ತಾಗಲೇಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ. ಇದನ್ನು ಮನೆಯ ಒಳಗೆ ಮಾಡಬೇಡಿ, ಜಗಲಿಯಲ್ಲೋ ಅಂಗಳದಲ್ಲೋ ಮಾಡಿ.

ಮೊದಲು ಒಳಲೆ. ನನ್ನ ಗಂಡನಿಗೂ, ಅವರ ತಂಗಿಗೂ ಹಾಲು ಕುಡಿಸಿದ್ದು ಇದರಲ್ಲೇ. ನೀರು ಹೊಯ್ದ ಕೂಡಲೇ ಬೆಳ್ಳಿಯ ಮೈಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಕೊಳೆತ ಮೊಟ್ಟೆಯ ವಾಸನೆ ಬಂತು. ಬೆಳ್ಳಿ ಹಿಡಿದಿಟ್ಟುಕೊಂಡ ಗಂಧಕ ಬಿಟ್ಟು ಹೋಗುವ ವಾಸನೆ ಅದು. ಕಪ್ಪು ಅಂಚಿನಿಂದ ಕಂದಾಯಿತು, ಕಂದು ಹಳದಿಯಾಯಿತು, ಹಳದಿ ಮಾಯವಾಯಿತು. ಹನ್ನೊಂದು ವರ್ಷದಲ್ಲಿ ಬಂದ ಬಣ್ಣಗಳು ಹಿಂದುಮುಂದಾಗಿ ಮೂರೇ ನಿಮಿಷದಲ್ಲಿ ವಾಪಸ್ ಹೋದವು. ತಿಕ್ಕಲೇ ಇಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಇದರ ಮೂತಿ ಮೇಲೆ ಬಳ್ಳಿ ಇತ್ತು ಅಂತ ನಂಗೇ ಮರೆತು ಹೋಗಿತ್ತು" ಅಂದರು.

ಈ ದಾರಿಯಲ್ಲಿ ಬೆಳ್ಳಿ ಸವೆಯುವುದಿಲ್ಲ. ಕಪ್ಪಾಗಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗಿ ಅಲ್ಲೇ ಕೂರುತ್ತದೆ, ಸವೆಯುವುದು ಫಾಯಿಲ್. ನಾಲ್ಕು ಲೋಟ ಮುಗಿಯುವ ಹೊತ್ತಿಗೆ ಫಾಯಿಲ್ ಮಂಕಾಗಿ ಅಲ್ಲಲ್ಲಿ ತೂತು ಬಿದ್ದಿತ್ತು. ಫಾಯಿಲ್, ಸೋಡಾ ನೀರು ಎರಡನ್ನೂ ಬದಲಾಯಿಸಿದೆ. ರಬ್ಬರ್ ಬ್ಯಾಂಡ್ ಗೆರೆಗೆ ಮಾತ್ರ ಮೂರು ಸಲ ಬೇಕಾಯಿತು.

ಚೊಂಬು ಆಟವಾಡಿಸಿತು. ಬೋಗುಣಿ ಚಿಕ್ಕದು, ಅರ್ಧ ಮಾತ್ರ ಮುಳುಗಿತು. ಮುಳುಗಿದ ಅರ್ಧ ಬಿಳಿ, ಮೇಲಿನರ್ಧ ಕಪ್ಪು, ನಡುವೆ ನೇರ ಗೆರೆ. ಸರಿ, ತಲೆಕೆಳಗು ಮಾಡಿ ಇಟ್ಟೆ. ಹೊರಗೆ ಸರಿಯಾಯಿತು. ಆದರೆ ಚೊಂಬಿನ ಒಳಗೆ ಗಾಳಿ ಸಿಕ್ಕಿಹಾಕಿಕೊಂಡು, ಒಳತಳದಲ್ಲಿ ರೂಪಾಯಿ ನಾಣ್ಯದಷ್ಟು ಕಪ್ಪು ಹಾಗೇ ಉಳಿಯಿತು. ಕೊನೆಗೆ ಪ್ಲಾಸ್ಟಿಕ್ ಬಕೆಟ್‌ಗೆ ಫಾಯಿಲ್ ಹಾಸಿ, ಎಂಟು ಲೀಟರ್ ಬಿಸಿನೀರಿಗೆ 240 ಗ್ರಾಂ ಸೋಡಾ ಹಾಕಿ, ಚೊಂಬನ್ನು ಅಡ್ಡ ಮಲಗಿಸಿ ಗಾಳಿ ಬುಳಬುಳ ಹೊರಗೆ ಹೋಗುವ ತನಕ ಅಲ್ಲಾಡಿಸಿದೆ. ಆಗ ಹೋಯಿತು. ಹರಿವಾಣ, ಪಂಚಪಾತ್ರೆ, ಉದ್ಧರಣೆಯನ್ನೂ ಅದೇ ನೀರಿನಲ್ಲಿ ಮುಗಿಸಿದೆ. ಚೊಂಬಿನ ತೂಕ ಆಮೇಲೂ 318 ಗ್ರಾಂ.

ಪನ್ನೀರುದಾನಿಗೆ ಏನೂ ಆಗಲಿಲ್ಲ. ಹತ್ತು ನಿಮಿಷ ಬಿಟ್ಟರೂ ಅದೇ ಮಂಕು ಹಳದಿ. ಅದನ್ನು ಪಕ್ಕಕ್ಕಿಟ್ಟೆ.

ಜುಲೈ 30, ಬುಧವಾರ: ದೀಪದ ಜೋಡಿ

ಹಿಂದಿನ ದಿನದ ಧೈರ್ಯ ಹೆಚ್ಚಾಗಿತ್ತು. ದೀಪಗಳನ್ನು ಒಂದೇ ಸಲ ಬೋಗುಣಿಯಲ್ಲಿ ನಿಲ್ಲಿಸಿ ಕುದಿಯುವ ನೀರು ಹೊಯ್ದೆ. ನಾಲ್ಕೈದು ನಿಮಿಷಕ್ಕೆ ಒಂದರ ಬುಡದಿಂದ ಜೋನಿಬೆಲ್ಲದಂಥ ಕಂದು ದ್ರವ ಇಳಿಯತೊಡಗಿತು. ತುಕ್ಕಿರಬೇಕು ಅಂದುಕೊಂಡೆ. ನೋಡನೋಡುತ್ತಾ ದೀಪದ ಕಂಬ ಒಂದು ಕಡೆಗೆ ವಾಲಿತು.

ಅದು ಅರಗು. ದೀಪದ ಬುಡ, ಕಂಬ ಎಲ್ಲ ತೆಳು ಬೆಳ್ಳಿ ತಗಡು, ಒಳಗೆ ಟೊಳ್ಳು. ನಿಲ್ಲಲು ಭಾರ ಬರಲಿ, ತಗಡು ನೆಗ್ಗದಿರಲಿ ಅಂತ ಒಳಗೆ ಅರಗು ತುಂಬಿರುತ್ತಾರೆ. ಬಿಸಿಗೆ ಅರಗು ಕರಗುತ್ತದೆ ಅಂತ ಗೊತ್ತಿಲ್ಲದವರು ಯಾರು? ಒಳಗೆ ಅದು ಇದೆ ಅಂತ ಗೊತ್ತಿರಲಿಲ್ಲ ಅಷ್ಟೇ. ದೀಪ ತಿರುಗಿಸಿ ಬುಡ ನೋಡಿದ್ದರೆ ಗೊತ್ತಾಗುತ್ತಿತ್ತು, ಅಲ್ಲಿ ಕಂದು ಬಣ್ಣದ ಬಿರಟೆ ಎದ್ದು ಕಾಣುತ್ತದೆ. 610 ಗ್ರಾಂ ಪೂರ್ತಿ ಬೆಳ್ಳಿ ಅಂತ ಹೆಮ್ಮೆಯಿಂದ ಬರೆದುಕೊಂಡಿದ್ದೆ, ಅದನ್ನೂ ಹೊಡೆದು ಹಾಕಿದೆ.

ಕೂಡಲೇ ಎರಡನ್ನೂ ತಣ್ಣೀರಿಗೆ ಹಾಕಿದೆ. ವಾಲಿದ ಕಂಬವನ್ನು ಕೈಯಲ್ಲಿ ನೇರ ಹಿಡಿದು ಗಟ್ಟಿಯಾಗುವ ತನಕ ಬಿಡಲಿಲ್ಲ. ಮೈಗೆ ಅಂಟಿದ ಅರಗನ್ನು ಕೆರೆಯಲಿಲ್ಲ. ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲಿ ಹತ್ತಿ ನೆನೆಸಿ ಒತ್ತಿ ಇಟ್ಟರೆ ಹತ್ತು ನಿಮಿಷಕ್ಕೆ ಮೆತ್ತಗಾಗಿ ಬಿಡುತ್ತದೆ. 100 ಎಂ.ಎಲ್. 50 ರೂ.

ಜುಲೈ 31, ಗುರುವಾರ: ಆಚಾರ್ರ ಹತ್ತಿರ

ದೀಪ, ಪನ್ನೀರುದಾನಿ, ಜೊತೆಗೆ ಕವಳದ ತಟ್ಟೆ ಕಟ್ಟಿಕೊಂಡು ಪೇಟೆಗೆ, ಬೆಳ್ಳಿ ಕೆಲಸದ ಆಚಾರ್ರ ಹತ್ತಿರ ಹೋದೆ. ಕವಳದ ತಟ್ಟೆಯ ವಿಷಯ ನಾನು ಇಲ್ಲಿಯವರೆಗೆ ಬರೆದಿಲ್ಲ, ಯಾಕಂದರೆ ಬರೆಯಲು ಮನಸ್ಸಾಗಿರಲಿಲ್ಲ.

ಆ ತಟ್ಟೆ ಅತ್ತೆಯ ತಾಯಿಯದು. ಅಂಚಿನ ಸುತ್ತ ಬಿಚ್ಚಿದ ಸಿಂಗಾರದ, ಅಂದರೆ ಅಡಿಕೆ ಹೂಗೊಂಚಲಿನ ಸಾಲು, ನಡುವೆ ಒಂದು ದೊಡ್ಡ ಹೂವು. ಕೆತ್ತಿದ ಗೆರೆಗಳೆಲ್ಲ ಕಪ್ಪು, ಉಬ್ಬಿದ ಎಸಳು ಬಿಳಿ. ಮಂಗಳವಾರ ಲೋಟದ ಜೊತೆಗೆ ಇದನ್ನೂ ಸೋಡಾ ನೀರಿಗೆ ಹಾಕಿದ್ದೆ. ಎತ್ತಿದಾಗ ಪೂರ್ತಿ ಹಾಲುಬಿಳಿ. ಹೂವು ಹುಡುಕಿ ನೋಡಬೇಕಿತ್ತು. ಸಿಂಗಾರದ ಎಳೆಗಳೆಲ್ಲ ಒಂದಕ್ಕೊಂದು ಕಲಸಿ ಹೋದ ಹಾಗಿತ್ತು. ಅತ್ತೆ ಕೈಗೆ ತಗೊಂಡು, ಬೆಳಕಿಗೆ ಆ ಕಡೆ ಈ ಕಡೆ ವಾಲಿಸಿ, "ಹೂವೆಲ್ಲಿ ಹೋಯ್ತೇ?" ಅಂದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಚಾರ್ರು ತಟ್ಟೆಯ ಮೇಲೆ ಹೆಬ್ಬೆರಳು ಓಡಿಸಿದರು. "ಕೆತ್ತನೆಗೆ ಏನೂ ಆಗಿಲ್ಲಮ್ಮ, ಕಣ್ಣಿಗೆ ಕಾಣ್ತಿಲ್ಲ ಅಷ್ಟೇ. ಗೆರೆಯಲ್ಲಿದ್ದ ಕಪ್ಪು ಕೊಳೆ ಅಲ್ಲ. ಕೆಲಸ ಮಾಡಿದವರೇ ಕೊಟ್ಟ ಕಪ್ಪು ಅದು. ಗಂಧಕ ಕೊಟ್ಟು ಮೊದಲು ಪೂರ್ತಿ ಕಪ್ಪು ಮಾಡ್ತೇವೆ, ಆಮೇಲೆ ಉಬ್ಬಿದ್ದನ್ನು ಮಾತ್ರ ಉಜ್ಜಿ ಬಿಳಿ ಮಾಡ್ತೇವೆ." ಮಾಡಿಕೊಡುತ್ತೀರಾ ಅಂದದ್ದಕ್ಕೆ, ಹಬ್ಬದ ಕೆಲಸ ಕೈತುಂಬಾ ಇದೆ, ಹಬ್ಬ ಕಳೆದ ಮೇಲೆ ನೋಡುವ ಅಂದರು.

ದೀಪಕ್ಕೆ ಅಲ್ಲೇ ಅರಗು ತುಂಬಿ ಕಂಬ ನೇರ ಮಾಡಿದರು, 350 ರೂ. ಪನ್ನೀರುದಾನಿಯನ್ನು ಒರೆಗಲ್ಲಿಗೆ ಒಂದು ಸಲ ಎಳೆದು ನೋಡಿ, ಜರ್ಮನ್ ಸಿಲ್ವರ್ ಅಂದರು. ಅದರಲ್ಲಿ ಬೆಳ್ಳಿಯೇ ಇಲ್ಲ. ತಾಮ್ರ, ಸತು, ನಿಕ್ಕಲ್ ಸೇರಿದ ಲೋಹ. ಫಾಯಿಲ್ ನೀರಿಗೆ ಅದು ಜಗ್ಗದೆ ಕೂತದ್ದು ಅದಕ್ಕೇ. ಮನೆಗೆ ಬಂದು ಹುಣಸೆ ಹಚ್ಚಿದೆ, ಎರಡೇ ನಿಮಿಷಕ್ಕೆ ಹೊಳೆಯಿತು.

ಆಗಸ್ಟ್ 2, ಶನಿವಾರ: ವಿಭೂತಿ

ಸೋಡಾ ನೀರಿನಿಂದ ಬಂದ ಬೆಳ್ಳಿ ಬಿಳಿಯಾಗಿರುತ್ತದೆ, ಹೊಳಪಿರುವುದಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಅದಕ್ಕೆ ವಿಭೂತಿ.

ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಹಳೆ ಪಂಚೆಯ ತುಂಡಿನಲ್ಲಿ ಎರಡು ಸಲ ಜರಡಿ ಹಿಡಿದೆ. ಮೂರು ಗಟ್ಟಿಯಲ್ಲಿ ಒಂದರ ಪುಡಿ ಬೆರಳ ನಡುವೆ ಕರಕರ ಅಂದಿತು. ಅದನ್ನು ದೇವರ ಮನೆಗೆ ಕೊಟ್ಟೆ, ಬೆಳ್ಳಿಗೆ ಮುಟ್ಟಿಸಲಿಲ್ಲ. ಬೂದಿಯ ಪಾಠ ಒಂದು ಸಲ ಸಾಕು. ನಯವಾದ ಪುಡಿಗೆ ಅಂಟುವಾಳದ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹತ್ತಿ ಬಟ್ಟೆಯಲ್ಲಿ ಹಚ್ಚಿ, ಉದ್ದಕ್ಕೆ ಹಿಂದೆ ಮುಂದೆ ಉಜ್ಜುವುದು. ಸುತ್ತು ಸುತ್ತು ಉಜ್ಜಿದರೆ ಆ ಸುತ್ತುಗಳೇ ಬೆಳಕಿಗೆ ಕಾಣುತ್ತವೆ. ಸಂದಿಗೆ ಬ್ರಷ್. ಬಟ್ಟೆ ಕಪ್ಪಾದ ಕೂಡಲೇ ಬೇರೆ ಜಾಗ ಹಿಡಿಯಬೇಕು.

ಒಂದು ಲೋಟಕ್ಕೆ ಎಂಟು ನಿಮಿಷ, ಹರಿವಾಣಕ್ಕೆ ಮುಕ್ಕಾಲು ಗಂಟೆ. ಹಳದಿಯಲ್ಲಿದ್ದ ಕುಂಕುಮದ ಭರಣಿಗಳಿಗೆ ಸೋಡಾ ನೀರೇ ಬೇಡವಾಯಿತು, ವಿಭೂತಿಯೊಂದೇ ಸಾಕಾಯಿತು. ದೀಪಕ್ಕೂ ಉಗುರು ಬೆಚ್ಚಗಿನ ಅಂಟುವಾಳದ ನೀರು, ವಿಭೂತಿ ಅಷ್ಟೇ. ನಿಧಾನ, ಆದರೆ ಅರಗಿಗೆ ಭಯವಿಲ್ಲ.

ತೊಳೆದ ಮೇಲೆ ಒರೆಸಿ ಹಾಗೇ ಬಿಡಬಾರದು. ಈ ಹವೆಯಲ್ಲಿ ಬಿಟ್ಟರೆ ನೀರಿನ ಹನಿಯ ಗುರುತು ಕೂರುತ್ತದೆ. ಒಲೆ ಹತ್ತಿರ ಒಣಗಿಸಿದರೆ ಮತ್ತೆ ಹೊಗೆ. ಕರೆಂಟ್ ಬರುವ ತನಕ ಕಾದು, ತಲೆಕೂದಲು ಒಣಗಿಸುವ ಯಂತ್ರದಲ್ಲಿ ಗಾಳಿ ಕೊಟ್ಟೆ.

ಆಗಸ್ಟ್ 3ರಿಂದ 5: ಕವಳದ ತಟ್ಟೆಗೆ ಕಪ್ಪು

ಆಚಾರ್ರು ಗಂಧಕ ಅಂದದ್ದು ತಲೆಯಲ್ಲೇ ಇತ್ತು. ಮೊಟ್ಟೆ ತಿಂದ ಬೆಳ್ಳಿ ಚಮಚ ಕಪ್ಪಾಗುವುದೂ ಗಂಧಕದಿಂದಲೇ. ಹಾಗಾದರೆ ಮೊಟ್ಟೆಯ ಆವಿಯನ್ನೇ ಕೊಟ್ಟರಾಯಿತು. ಅತ್ತೆಯನ್ನು ಕೇಳಿದೆ. ದೇವರ ಸಾಮಾನಿಗಾದರೆ ಬೇಡ, ಕವಳದ ತಟ್ಟೆ ತಾನೇ, ಕೊಟ್ಟಿಗೆ ಕಡೆ ಮಾಡು ಅಂದರು.

ಎರಡು ಮೊಟ್ಟೆ, 14 ರೂ. ಹತ್ತು ನಿಮಿಷ ಬೇಯಿಸಿ, ಸುಲಿದು, ಬಿಸಿ ಇರುವಾಗಲೇ ನಾಲ್ಕು ಭಾಗ ಮಾಡಿ, ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದೆ. ನಡುವೆ ಒಂದು ಬಟ್ಟಲು ಕವುಚಿ, ಅದರ ಮೇಲೆ ತಟ್ಟೆ. ಮೊಟ್ಟೆ ತಟ್ಟೆಗೆ ತಾಗಬಾರದು.

ಒಂದು ಗಂಟೆಗೆ ತಿಳಿ ಹಳದಿ. ನಾಲ್ಕು ಗಂಟೆಗೆ ಕಂದು, ಅಲ್ಲಲ್ಲಿ ನೀಲಿ. ಬೆಳಿಗ್ಗೆ ತೆಗೆದರೆ ತಟ್ಟೆ ಕಪ್ಪಾಗಿತ್ತು, ಆದರೆ ಒಂದು ಅಂಚಿನಲ್ಲಿ ನನ್ನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಬಿಳಿಯಾಗಿ ಉಳಿದಿತ್ತು. ಹಿಡಿದಾಗ ಅಂಟಿದ ಜಿಡ್ಡು ಅಷ್ಟು ಜಾಗವನ್ನು ಕಾದಿತ್ತು. ಮತ್ತೆ ಸೋಡಾ ನೀರು, ಎಲ್ಲ ಬಿಳಿ. ಎರಡನೇ ಸಲ ಸ್ಪಿರಿಟ್‌ನಲ್ಲಿ ಒರೆಸಿ, ಅಂಚಿಗೆ ಬಟ್ಟೆ ಹಿಡಿದು ಒಳಗಿಟ್ಟೆ. ಹಿಂದಿನ ಮೊಟ್ಟೆಯನ್ನೇ ಬಿಸಿನೀರಿಗೆ ಹಾಕಿ ಮತ್ತೆ ಬಿಸಿ ಮಾಡಿಕೊಂಡೆ. ಮರುದಿನ ಬೆಳಿಗ್ಗೆ ಒಂದೇ ಸಮನೆ ಕಪ್ಪು.

ಇನ್ನು ಉಬ್ಬಿದ್ದನ್ನು ಮಾತ್ರ ಬಿಳಿ ಮಾಡಬೇಕು. ಬೆರಳಿನಲ್ಲಿ ಉಜ್ಜಿದರೆ ಬೆರಳು ಮೆತ್ತಗೆ, ಗೆರೆಯ ಒಳಗೂ ಇಳಿದು ಅಲ್ಲಿಯ ಕಪ್ಪೂ ಹೋಗುತ್ತದೆ. ಒಂದು ಸಿಂಗಾರದ ಎಳೆ ಹಾಗೇ ಕಳೆದುಕೊಂಡೆ. ಆಮೇಲೆ ಎರಡು ಇಂಚು ಉದ್ದದ ಮರದ ತುಂಡಿಗೆ ಪಂಚೆಯ ಬಟ್ಟೆ ಬಿಗಿಯಾಗಿ ಸುತ್ತಿ, ವಿಭೂತಿಯನ್ನು ಹೆಚ್ಚು ನೀರಿಲ್ಲದೆ ಹಚ್ಚಿ, ಒತ್ತದೆ ಮೇಲೆ ಮೇಲೆ ಓಡಿಸಿದೆ. ಮರ ಬಗ್ಗುವುದಿಲ್ಲ, ಉಬ್ಬಿದ್ದಕ್ಕೆ ಮಾತ್ರ ತಾಗುತ್ತದೆ. ಮೊದಲು ನಡುವಿನ ಹೂವಿನ ಒಂದು ಎಸಳು ಬಿಳಿಯಾಗಿ ಎದ್ದಿತು. ಪಕ್ಕದ್ದು ಎದ್ದಿತು. ನಾನು ಅತ್ತೆಯನ್ನು ಕರೆದೆ. ಅವರು ಬಂದು ಪಕ್ಕದಲ್ಲಿ ಕೂತು, ಉಳಿದ ಎಸಳುಗಳನ್ನು ತಾವೇ ಉಜ್ಜಿದರು. ಅಂಚಿನ ಸಾಲು ಮುಗಿಯಲು ಎರಡು ಗಂಟೆ ಹಿಡಿಯಿತು.

ಮೊದಲಿದ್ದ ಹಾಗೆ ಆಗಲಿಲ್ಲ. ಹಳೆಯ ಕಪ್ಪು ಆಳವಾಗಿತ್ತು, ಇದು ಸ್ವಲ್ಪ ಬೂದು. ಎಡಗಡೆ ಅಂಚಿನಲ್ಲಿ ಎರಡು ಮೂರು ಎಳೆ ಮಸುಕು. ಆದರೆ ಹೂವು ಕಾಣುತ್ತದೆ. ಹಬ್ಬದ ಸಂಜೆ ಬಂದವರಿಗೆಲ್ಲ ಎಲೆ ಅಡಿಕೆ ಕೊಟ್ಟದ್ದು ಅದರಲ್ಲೇ.

ಆಗಸ್ಟ್ 10, ಭಾನುವಾರ: ಮತ್ತೆ ಪೆಟ್ಟಿಗೆಗೆ

ಒಟ್ಟು ಖರ್ಚು 744 ರೂ. ಅದರಲ್ಲಿ 350 ನನ್ನ ಅವಸರದ್ದು.

ಪೆಟ್ಟಿಗೆ ಇನ್ನು ಅಟ್ಟಕ್ಕಿಲ್ಲ, ಮಲಗುವ ಕೋಣೆಯ ಬೀರುವಿನಲ್ಲಿ. ನ್ಯೂಸ್ ಪೇಪರ್ ಇಲ್ಲ, ಉಣ್ಣೆಯ ಶಾಲು ಇಲ್ಲ, ಉಣ್ಣೆಯಲ್ಲೂ ಗಂಧಕ ಇರುತ್ತದೆ. ಒಗೆದು ಚೆನ್ನಾಗಿ ಒಣಗಿಸಿದ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಗಾಳಿ ಒತ್ತಿ ತೆಗೆದ ಜಿಪ್ ಕವರ್‌ನಲ್ಲಿ ಒಂದೊಂದನ್ನೇ ಇಟ್ಟೆ. ಔಷಧಿ ಡಬ್ಬಿ, ಶೂ ಡಬ್ಬಿಯಲ್ಲಿ ಬಂದ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಕೂಡಿಟ್ಟಿದ್ದೆ, ಕವರ್‌ಗೆ ಒಂದರಂತೆ ಹಾಕಿದೆ.

ಪ್ರತಿ ಕವರ್ ಒಳಗೂ ಪೆನ್ಸಿಲ್‌ನಲ್ಲಿ ಬರೆದ ಒಂದು ಚೀಟಿ. ದೀಪಕ್ಕೆ: "ಹೊಟ್ಟೆಯಲ್ಲಿ ಅರಗು ಇದೆ, ಬಿಸಿನೀರು ಬೇಡ." ಪನ್ನೀರುದಾನಿಗೆ: "ಬೆಳ್ಳಿ ಅಲ್ಲ, ಹುಣಸೆ ಸಾಕು." ಕವಳದ ತಟ್ಟೆಗೆ: "ಗೆರೆಯ ಕಪ್ಪು ತೆಗೆಯಬೇಡಿ, ಅದು ಇರಬೇಕಾದದ್ದು." ನಾನು ಬರೆದು ಮುಗಿಸಿದ ಮೇಲೆ ಅತ್ತೆ ಪೆನ್ಸಿಲ್ ಕೇಳಿ ಇಸಕೊಂಡರು. ಲೋಟಗಳ ಚೀಟಿಯ ಹಿಂದೆ, ದೊಡ್ಡ ಅಕ್ಷರದಲ್ಲಿ, ತಾವೇ ಬರೆದರು: "ರಬ್ಬರ್ ಬ್ಯಾಂಡ್ ಹಾಕಬೇಡಿ."